ಎದುರುಮನೆ ಅಕ್ಕನ ಕೈತುತ್ತು

ಮೊನ್ನೆ ಬೆಳೆದು ನಿಂತ ಮಗನಿಗೆ ಹೊಟ್ಟೆ ಕೆಟ್ಟಿತ್ತು. ಓಆರ್‌ಎಸ್ ಪೊಟ್ಟಣ ಹರಿದು ನೀರಿಗೆ ಹಾಕುತ್ತಿದ್ದ ಹಾಗೇ ಕಿತ್ತಳೆಹಣ್ಣಿನ ಆ ಸುಳ್ಳು ವಾಸನೆ ಮೂಗಿಗೆ ಬಡಿಯಿತು. ಚಾಮರಾಜಪೇಟೆಯ ವಠಾರದಲ್ಲಿದ್ದ ಎದುರುಮನೆ ಅಕ್ಕ ನೆನಪಾದರು...

ಆಗ ನಾನು ಮಕ್ಕಳ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಬೆಳಿಗ್ಗೆ ಮಗನನ್ನು, ಜೊತೆಗೆ ಕಾಯಿಸಿ ಆರಿಸಿದ ನೀರಿನ ಫ್ಲಾಸ್ಕನ್ನು ಅಕ್ಕನ ಕೈಗಿತ್ತು ಬಸ್ಸಿಗೆ ಓಡುತ್ತಿದ್ದೆ. ಅವರ ಮಗನೂ ನನ್ನ ಮಗನೂ ಒಂದೇ ವಾರಿಗೆಯವರು. ಅಕ್ಕ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಒಂದೇ ಬಟ್ಟಲಲ್ಲಿ ಮೊಸರನ್ನ ಕಲಸಿ, ಇವನಿಗೊಂದು ಅವನಿಗೊಂದು ತುತ್ತು ಹಾಕುತ್ತಿದ್ದರು. ನನ್ನ ಕೈಯಲ್ಲಿ ಮಗ ಅಷ್ಟು ಚೆನ್ನಾಗಿ ಉಂಡವನಲ್ಲ. ಅದಕ್ಕೆ ನನಗೆ ಹೊಟ್ಟೆಕಿಚ್ಚೂ ಇತ್ತು.

ಒಂದು ಬೇಸಿಗೆಯಲ್ಲಿ ಇಬ್ಬರಿಗೂ ಭೇದಿ ಶುರುವಾಯಿತು. ನನ್ನವನು ಮಾರನೆಯ ದಿನವೇ ಎದ್ದು ಆಟಕ್ಕಿಳಿದ. ಅಕ್ಕನ ಮಗು ಕಣ್ಣು ಗುಳಿಬಿದ್ದು, ಅತ್ತರೂ ಕಣ್ಣೀರು ಬಾರದಂತಾಗಿ, ನಮ್ಮ ಆಸ್ಪತ್ರೆಯಲ್ಲೇ ಡ್ರಿಪ್ ಹಾಕಿಸಿಕೊಂಡು ಮಲಗಿತು. ಉಳಿಯುತ್ತದೋ ಇಲ್ಲವೋ ಅನ್ನುವ ಹಾಗಿತ್ತು.

ಸದ್ಯ, ಉಳಿಯಿತು. ಆದರೆ ವಠಾರದ ಬಾಯಿ ಸುಮ್ಮನಿರಲಿಲ್ಲ.

"ಕೆಲಸಕ್ಕೆ ಹೋಗೋಳಾದ್ರೂ ನೀರು ಕಾಯಿಸಿಟ್ಟು ಹೋಗ್ತಾಳೆ ನೋಡು. ನೀನು ಮನೇಲೇ ಇದ್ದು ಏನ್ ಕಡಿದು ಕಟ್ಟೆ ಹಾಕ್ದೆ? ನಿನ್ನ ಕೈ ಕೊಳೇನೇ ಮಕ್ಕಳ ಹೊಟ್ಟೆ ಸೇರಿದ್ದು" ಅಂತ ಅಕ್ಕನ ಅತ್ತೆ ನನ್ನೆದುರಿಗೇ ಅಂದರು. ಆ ಹೊಗಳಿಕೆ ನನಗೆ ಹಿತವಾಗಿತ್ತು.

ಇಬ್ಬರ ಸ್ಯಾಂಪಲ್ಲೂ ನಮ್ಮ ಲ್ಯಾಬಿಗೇ ಬಂದಿತ್ತು. ಎರಡರಲ್ಲೂ ಬೆಳೆದದ್ದು ಇ. ಕೊಲೈ ಅನ್ನುವ ಒಂದೇ ಹೆಸರಿನ ಬ್ಯಾಕ್ಟೀರಿಯಾ. ಆಮೇಲೆ ಅವುಗಳ ಜೀನ್ ಪರೀಕ್ಷೆ ಮಾಡಿದವಳು ನಾನೇ. ವಿಷ ತಯಾರಿಸುವ ಜೀನ್ ಇದ್ದರೆ ಪರೀಕ್ಷೆಯಲ್ಲಿ ಹೊಳೆಯುವ ಗೆರೆಯೊಂದು ಮೂಡುತ್ತದೆ. ಅಕ್ಕನ ಮಗನ ಸಾಲಿನಲ್ಲಿ ಗೆರೆ ಎದ್ದು ಕಾಣುತ್ತಿತ್ತು. ನನ್ನ ಮಗನ ಸಾಲು ಖಾಲಿ. ಅಕ್ಕನ ಬಟ್ಟಲಿಂದಲೇ ಬಂದಿದ್ದರೆ ಇಬ್ಬರಲ್ಲೂ ಒಂದೇ ಥರದ್ದು ಇರಬೇಕಿತ್ತು. ನನ್ನ ಮಗ ಬೇಗ ಎದ್ದದ್ದು ಫ್ಲಾಸ್ಕಿನ ಮಹಿಮೆಯಲ್ಲ. ಅವನಿಗೆ ತಗುಲಿದ್ದು ಬಡಪಾಯಿ ಕ್ರಿಮಿ, ಅಷ್ಟೆ.

ಸಂಜೆ ಹೇಳಲೇಬೇಕೆಂದು ಹೋದೆ. ಅಕ್ಕ ತಮ್ಮ ಮಗುವಿಗೆ ಕುದಿಸಿದ ಚಮಚದಲ್ಲಿ ಉಣ್ಣಿಸುತ್ತಿದ್ದರು. ಮಗು ಚಮಚ ತಳ್ಳಿ ಅವರ ಬೆರಳಿಗೆ ಬಾಯಿ ಹಾಕಲು ಬಂತು. ಅವರು ಕೈ ಹಿಂದಕ್ಕೆಳೆದುಕೊಂಡರು.

"ನನ್ನ ಕೈಯೇ ಸರಿಯಿಲ್ಲ ಕಣಮ್ಮ. ನಿನ್ನ ಮಗೂನ ಇನ್ಮೇಲೆ ಬೇರೆ ಎಲ್ಲಾದ್ರೂ ಬಿಡು."

ಅತ್ತೆ ಹೊಸ್ತಿಲಲ್ಲೇ ಕೂತಿದ್ದರು. ಲ್ಯಾಬಿನ ವಿಷಯ ಹೊರಗೆ ಆಡಬಾರದೆಂಬ ನಿಯಮ ನನಗೆ ಆಗಲೇ ನೆನಪಾಗಬೇಕೆ... ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆ ನಾಳೆ ಅನ್ನುತ್ತಿರುವಾಗಲೇ ಅವರು ಮನೆ ಖಾಲಿ ಮಾಡಿಕೊಂಡು ಹೋದರು. ಎಲ್ಲಿಗೆ ಅಂತ ಕೇಳುವ ಮುಖವೂ ನನಗಿರಲಿಲ್ಲ.

ಮೊನ್ನೆ ಮಗ ಲೋಟ ಬರಿದು ಮಾಡಿ ನಕ್ಕ. "ನೀನು ಕಾಯಿಸಿದ ನೀರು ಕುಡಿಸಿ ಬೆಳೆಸಿರೋ ಹೊಟ್ಟೆ ಅಮ್ಮ ಇದು, ಏನೂ ಆಗಲ್ಲ." ವಠಾರದ ಆ ಮಾತು ನಮ್ಮ ಮನೆಯಲ್ಲಿ ಇನ್ನೂ ಹಾಗೇ ಇದೆ.

"ನಿನಗೆ ಅನ್ನ ತಿನ್ನೋದು ಕಲಿಸಿದ್ದು ನಾನಲ್ಲ," ಅಂದೆ.

"ಮತ್ಯಾರು?"

ಹೇಳಿದೆ. ಗೆರೆಯ ವಿಷಯವನ್ನೂ ಬಿಡದೆ ಹೇಳಿದೆ. ಅದನ್ನು ಕೇಳಬೇಕಾಗಿದ್ದ ಅಕ್ಕ ಎಲ್ಲಿದ್ದಾರೋ... ತಮ್ಮ ಮಗನಿಗೆ ಮತ್ತೆ ಎಂದಾದರೂ ಕೈತುತ್ತು ಹಾಕಿದರೋ ಇಲ್ಲವೋ, ನನಗೆ ಗೊತ್ತಿಲ್ಲ.