ಸ್ಕಾರ್ಫ್ ಎಣಿಸುತ್ತಿದ್ದ ಗಂಗಾಂಬಿಕಾ ಅಕ್ಕೋರು

ಅನ್ನಪೂರ್ಣವ್ವ ಗಂಗಾಂಬಿಕಾ ಅಕ್ಕೋರನ್ನು ಮೊದಲು ಕಂಡದ್ದು ಶಿರಸಿ ಬಸ್ ನಿಲ್ದಾಣದಲ್ಲಿ. ನೀಲಿ ಉಡುಪು, ಕೊರಳಿಗೆ ಹಳದಿ ಸ್ಕಾರ್ಫ್, ಬಿಳಿ ಹಗ್ಗಕ್ಕೊಂದು ಸೀಟಿ. ಆಕೆ ಹೋಗಿ ಕೇಳಿಯೇಬಿಟ್ಟಳು.

"ಯಾವ ಬ್ಯಾಂಕಿನ ವಾಚ್‌ಮನ್ ರೀ ನೀವು?"

ಹಿಂದೆ ಅದೇ ಉಡುಪಿನಲ್ಲಿ ಸಾಲಾಗಿ ನಿಂತಿದ್ದ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಕ್ಕೋರು ನಗದೆ ಅವರತ್ತ ಕೈ ತೋರಿಸಿ, "ಬ್ಯಾಂಕಿಲ್ಲವ್ವ, ಇವೇ ನನ್ನ ಗಂಟು. ಒಂದೂ ಕಳೀಬಾರದು" ಎಂದರು.

ಆ ವರ್ಷವೇ ಅನ್ನಪೂರ್ಣವ್ವನಿಗೆ ಬನವಾಸಿ ರಸ್ತೆಯಲ್ಲಿ ಅಕ್ಕೋರು ಟೀಚರಾಗಿದ್ದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ ಸಿಕ್ಕಿತು. ಸ್ಕೌಟ್ಸ್ ಗೈಡ್ಸ್ ಶಿಬಿರಕ್ಕೆ ಹುಡುಗಿಯರನ್ನು ಕರೆದೊಯ್ಯುವಾಗ ಇನ್ನೊಬ್ಬ ಹೆಂಗಸು ಬೇಕಾಗುತ್ತಿತ್ತು. ಗಂಡ ತೀರಿಕೊಂಡು ಮನೆಯಲ್ಲಿ ಯಾರೂ ಇರದ ಆಕೆ ಜೊತೆಗೆ ಹೊರಡುತ್ತಿದ್ದಳು.

ಪ್ರಯಾಣಕ್ಕೆ ಅಕ್ಕೋರದು ಒಂದೇ ಕಟ್ಟಳೆ: ಮನೆ ಬಿಟ್ಟಾಗಿಂದ ಮನೆ ಮುಟ್ಟುವ ತನಕ ಎಲ್ಲರ ಮೈಮೇಲೂ ಉಡುಪು ಇರಬೇಕು. ಬಸ್ಸಿನಲ್ಲಿ ಸೆಕೆ ಎಂದು ಸ್ಕಾರ್ಫ್ ಬಿಚ್ಚಿದರೆ ಬೈಗುಳ.

"ಬಣ್ಣದ ಬಟ್ಟಿ ಹಾಕ್ಕೊಂಡ್ರ ಸಂತಿಯೊಳಗ ಕರಗಿಹೋಗ್ತೀರಿ. ಹಳದಿ ಕಂಡ್ರ ನಮ್ಮಾಕಿ ಅಂತ ಗೊತ್ತಾಗ್ತದ" ಎನ್ನುತ್ತಿದ್ದರು. ಬಸ್ಸು ಹೊರಡುವ ಮೊದಲು ಮುಂದೆ ನಿಂತು ಸ್ಕಾರ್ಫ್ ಎಣಿಸುತ್ತಿದ್ದರು. ಉಡುಪು ಇರುವವರೆಗೆ ನಿಮ್ಮ ಮಕ್ಕಳು ಕಳೆದುಹೋಗುವುದಿಲ್ಲ ಎಂದು ತಾಯಂದಿರಿಗೆ ಮಾತು ಕೊಟ್ಟಿದ್ದರು. ಆ ಮಾತನ್ನು ನಂಬಿಯೇ ಅವರು ಮಕ್ಕಳನ್ನು ಕಳಿಸುತ್ತಿದ್ದರು.

ಒಮ್ಮೆ ಯಲ್ಲಾಪುರದ ಶಿಬಿರ ಮುಗಿಸಿ ಬರುವಾಗ, ಅಲ್ಲಿನ ನಿಲ್ದಾಣದಲ್ಲಿ ಒಬ್ಬ ಮುದುಕ ಮೆಟ್ಟಿಲು ತಪ್ಪಿ ಬಿದ್ದು ಮುಂಗೈ ಉಳುಕಿಸಿಕೊಂಡ. ಶಿವರಂಜನಿ ಎಂಬ ಹುಡುಗಿ ಕಲಿತದ್ದನ್ನು ಮರೆಯದೆ ತನ್ನ ಸ್ಕಾರ್ಫ್ ಬಿಚ್ಚಿ, ಅವನ ಕೈಯನ್ನು ಕೊರಳಿಗೆ ಜೋಲಿ ಕಟ್ಟಿದಳು. ಅವನಿಗೆ ಕುಡಿಯಲು ನೀರು ತರುತ್ತೇನೆಂದು ಬಾಟಲಿ ಹಿಡಿದು ನಲ್ಲಿಯ ಕಡೆ ಓಡಿದಳು. ಅಷ್ಟರಲ್ಲಿ ಶಿರಸಿ ಬಸ್ಸು ಬಂತು. ಮುದುಕನದೂ ಅದೇ ಬಸ್ಸು. ಹುಡುಗಿಯರೇ ಅವನನ್ನು ಹತ್ತಿಸಿ ತಮ್ಮ ನಡುವೆ ಕೂರಿಸಿಕೊಂಡರು. ನಿಂತವರ ಸಂದಿಯಿಂದ ಅಕ್ಕೋರು ಎಣಿಸಿದರು. ಇಪ್ಪತ್ತೆರಡು ಹಳದಿ. ಲೆಕ್ಕ ಸರಿ. ರೈಟ್ ಎಂದರು.

ಉಮ್ಮಚಗಿ ಕ್ರಾಸಿನಲ್ಲಿ ಮುದುಕ ಎದ್ದ. ಜೋಲಿ ಬಿಚ್ಚಿ ಅಕ್ಕೋರ ಕೈಗೆ ಕೊಡುತ್ತ ಕೇಳಿದ:

"ಇದ್ನ ಕಟ್ಟಿದ ಕೂಸು ಎಲ್ಲಿದ್ದು?"

ಅಕ್ಕೋರು ಹಿಂದೆ ನೋಡಿದರು, ಮುಂದೆ ನೋಡಿದರು. ಆಮೇಲೆ ಮುದುಕನ ಬೆನ್ನಿಗೇ ತಾವೂ ಇಳಿದು, ಯಲ್ಲಾಪುರದ ಕಡೆ ಹೊರಟಿದ್ದ ಹಾಲಿನ ಗಾಡಿಗೆ ಕೈ ಮಾಡಿದರು. ಉಳಿದವರನ್ನು ಅನ್ನಪೂರ್ಣವ್ವ ಶಿರಸಿ ಮುಟ್ಟಿಸಿದಳು. ದಾರಿಯುದ್ದಕ್ಕೂ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು.

ಶಿವರಂಜನಿ ಬಸ್ಸು ನಿಂತಿದ್ದ ಜಾಗದಲ್ಲೇ ತುಂಬಿದ ಬಾಟಲಿ ಹಿಡಿದು ನಿಂತಿದ್ದಳಂತೆ. "ತಪ್ಪಿದ್ರ ಇದ್ದಲ್ಲೇ ಇರು ಅಂದಿದ್ರಲ್ರೀ" ಎಂದಳಂತೆ. ಸ್ಕಾರ್ಫ್ ಇರಲಿಲ್ಲವಾದ್ದರಿಂದ ಅವಳು ಗುಂಪಿನಿಂದ ತಪ್ಪಿದವಳೆಂದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಮರುದಿನ ಹುಡುಗಿಯ ಅಜ್ಜಿ ಸಾವಿತ್ರವ್ವ ಶಾಲೆಯ ಕಟ್ಟೆ ಹತ್ತಿದಳು.

"ಏನ್ರೀ ಅಕ್ಕೋರ, ಅರಿವಿ ಮನಿಗೆ ಬಂದು ಹುಡುಗಿ ಬರದಿದ್ರ, ಅದನ್ನ ಮಡಚಿ ಪೆಟ್ಟಿಗಿಯೊಳಗ ಇಡಬೇಕಿತ್ತೇನ್ರಿ ನಾವು?"

ಅಕ್ಕೋರು "ತಪ್ಪಾತ್ರಿ. ನಾ ಅರಿವಿ ಎಣಿಸಿದೆ" ಎಂದಷ್ಟೇ ಹೇಳಿದರು. ಆ ವರ್ಷ ಯಾರೂ ಮಕ್ಕಳನ್ನು ಕಳಿಸಲಿಲ್ಲ. ಮರುವರ್ಷ ಮೊದಲು ಕಳಿಸಿದವಳು ಸಾವಿತ್ರವ್ವನೇ. ಆದರೆ ಒಂದು ಷರತ್ತು ಹಾಕಿದಳು: "ಬಾಗಿಲದಾಗ ಅನ್ನಪೂರ್ಣವ್ವ ನಿಂದ್ರಬೇಕು. ಅಕಿ ದಿನಾ ಉಣ್ಣಾಕ ನೀಡತಾಳ, ಯಾರ ಮಾರೀನೂ ಮರಿಯೂದಿಲ್ಲ."

ಅಂದಿನಿಂದ ಉಡುಪೂ ಉಳಿಯಿತು, ಬಾಗಿಲಲ್ಲಿ ಮುಖ ನೋಡಿ ಹತ್ತಿಸುವುದೂ ಬಂತು. ಹುಡುಗಿಯರು ಗದ್ದ ಎತ್ತಿ, "ಮಾರಿ ತೊಳ್ಕೊಂಡೇನ್ರಿ ಅವ್ವಾರ, ಚಂದಂಗ ನೋಡ್ರಿ" ಎಂದು ಕಾಡುತ್ತಿದ್ದರು. ಅಕ್ಕೋರು ಈಗಲೂ ಸ್ಕಾರ್ಫ್ ಎಣಿಸುತ್ತಿದ್ದರು, ಆದರೆ ಅನ್ನಪೂರ್ಣವ್ವ ತಲೆಯಾಡಿಸುವ ತನಕ ಕಂಡಕ್ಟರನಿಗೆ ರೈಟ್ ಎನ್ನುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಅಕ್ಕೋರು ಬೆಳಗಾವಿಯ ತಂಗಿಯ ಮನೆಗೆ ಹೋದರು. ಹೊರಡುವ ಮುನ್ನ, ಹುಡುಗಿಯರು ಸಿದ್ದಾಪುರದ ಶಿಬಿರಕ್ಕೆ ಹೋಗುವ ಬೆಳಿಗ್ಗೆ, ಅವರನ್ನು ಕಳಿಸಿಕೊಡಲು ನಿಲ್ದಾಣಕ್ಕೆ ಬಂದಿದ್ದರು. ಹಸಿರು ಸೀರೆ ಉಟ್ಟಿದ್ದರು. ಬಾಗಿಲಲ್ಲಿ ನಿಂತಿದ್ದ ಅನ್ನಪೂರ್ಣವ್ವನಿಗೆ ಮೊದಲು ಗುರುತೇ ಹತ್ತಲಿಲ್ಲ. ಬಸ್ಸು ಗುರುಗುಟ್ಟುವಾಗ ಅಕ್ಕೋರು ಮೆಟ್ಟಿಲ ಹತ್ತಿರ ಬಂದು, ಹುಡುಗಿಯರ ಹಾಗೆ ತಾವೂ ಗದ್ದ ಎತ್ತಿ ಕೇಳಿದರು:

"ಸ್ಕಾರ್ಫ್ ಇಲ್ಲದವರ ಮಾರೀನೂ ನೋಡಿದ್ರೇನ್ರಿ?"