ಮಗ್ಗದ ಕುಣಿಯಲ್ಲಿ ಬಚ್ಚಿಟ್ಟ ಪರೀಕ್ಷೆ

ಆ ಬೇಸಿಗೆಯಲ್ಲಿ ನನಗೆ ನನ್ನ ಹೆಂಡತಿಯನ್ನು ಕಂಡರೆ ಭಯವಾಗುತ್ತಿತ್ತು. ಬೈಯುತ್ತಾಳೆಂದಲ್ಲ, ಬೈಸಿಕೊಂಡು ನನಗೆ ರೂಢಿಯಿದೆ. ಅವಳು ಪಕ್ಕದಲ್ಲಿ ಬಂದು ಕುಳಿತರೆ ಸಾಕು, ಇವಳು ನನ್ನ ಕೈಯಿಂದಲೇ ಸಾಯುತ್ತಾಳೆ ಅನ್ನಿಸಿ ಎದೆ ಧಸಕ್ಕೆನ್ನುತ್ತಿತ್ತು. ಏನೋ ನೆಪ ಹೇಳಿ ಎದ್ದು ಹೋಗುತ್ತಿದ್ದೆ.

ಎರಡನೆಯ ಹೆರಿಗೆಯಲ್ಲಿ ಅವಳಿಗೆ ಬಿ.ಪಿ. ಏರಿ ಫಿಟ್ಸ್ ಬಂದಿತ್ತು. ಗಜೇಂದ್ರಗಡದಿಂದ ಗದಗಿಗೆ ಗಾಡಿಯಲ್ಲಿ ಒಯ್ಯುವಾಗ ಹಲ್ಲು ಕಚ್ಚಿಕೊಂಡು, ಕಣ್ಣು ಮೇಲಕ್ಕೆ ಮಾಡಿ ಮಲಗಿದ್ದಳು. ಅಲ್ಲಿ ಹೊಟ್ಟೆ ಕೊಯ್ದು ಮಗು ತೆಗೆದರು. ತಾಯಿ, ಮಗು ಇಬ್ಬರೂ ಉಳಿದದ್ದು ದೊಡ್ಡದು. ಮನೆಗೆ ಕಳಿಸುವಾಗ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, "ಇನ್ನೊಂದು ಬಸಿರು ನಿಂತ್ರ ಈಕಿ ಉಳಿಯೂದು ಕಠಿಣ ಐತಿ. ನೀವ ವಿಚಾರ ಮಾಡ್ರಿ" ಎಂದರು. ಮಕ್ಕಳಾಗದ ಆಪರೇಷನ್ನಿಗೆಂದು ಮತ್ತೆ ಹೊಟ್ಟೆಗೆ ಕತ್ತರಿ ಹಾಕುವ ಮಾತೆತ್ತಿದರೆ ಅವಳು ನಡುಗುತ್ತಿದ್ದಳು. ಹಾಗಾಗಿ ವಿಚಾರ ಮಾಡಬೇಕಾದವನು ನಾನೇ ಆದೆ.

ನಾವು ಕೈಮಗ್ಗದವರು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ದಿನವಿಡೀ ಹಲಗೆ ತುಳಿಯುತ್ತಾ ಸೀರೆ ನೇಯುವ ಮಂದಿ. ಗಂಡಸು ಆಪರೇಷನ್ ಮಾಡಿಸಿಕೊಂಡರೆ ಸೊಂಟದ ಬಲ ಹೋಗುತ್ತದೆ, ಮಗ್ಗದಲ್ಲಿ ಕೂಡಲಿಕ್ಕಾಗುವುದಿಲ್ಲ ಎಂದು ನನ್ನ ತಾಯಿ ಗಟ್ಟಿಯಾಗಿ ನಂಬಿದ್ದಳು. ಅವಳೊಂದಿಗೆ ವಾದ ಮಾಡಿ ಗೆದ್ದವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ. ನೂಲು ತರುತ್ತೇನೆಂದು ಹೇಳಿ ಬಸ್ಸು ಹತ್ತಿ ರೋಣಕ್ಕೆ ಹೋದೆ, ದವಾಖಾನೆಯಲ್ಲಿ ಮಾಡಿಸಿಕೊಂಡೆ, ನೂಲಿಲ್ಲದೆ ಬಂದೆ. ಕಾಲು ಅಗಲಿಸಿ ನಡೆಯುವುದನ್ನು ನೋಡಿ ತಾಯಿ ಕೇಳಿದ್ದಕ್ಕೆ, ಬಸ್ಸಿನಿಂದ ಇಳಿಯುವಾಗ ಉಳುಕಿತು ಎಂದೆ. ಅವಳು ಎರಡು ದಿನ ಎಣ್ಣೆ ಕಾಯಿಸಿ ನನ್ನ ಕಾಲು ತಿಕ್ಕಿದಳು. ಗುಟ್ಟು ಗೊತ್ತಿದ್ದ ಹೆಂಡತಿ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಆ ನಗು ಬಹಳ ದಿನ ಉಳಿಯಲಿಲ್ಲ. ಮೂರು ತಿಂಗಳು ಎಚ್ಚರವಾಗಿರಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ಅದರಲ್ಲಿ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ನಂಬಬೇಕು ಎಂದು ರೋಣದಲ್ಲಿ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ಆದರೆ ನಮ್ಮ ಕಡೆ ಆಪರೇಷನ್ ಅಂದರೆ ಹೆಂಗಸರದು, ಆದ ದಿನವೇ ಮುಗಿಯಿತು. ನನ್ನದೂ ಹಾಗೆಯೇ, ಗಾಯ ಮಾಯ್ದರೆ ಆಯಿತು ಎಂದುಕೊಂಡೆ. ಅವರು ಕೊಟ್ಟ ನಿರೋಧಿನ ಪಾಕೀಟು ಒಡೆಯದೆ ಚೀಲದಲ್ಲೇ ಉಳಿಯಿತು. ಮರುತಿಂಗಳು ಅವಳ ಮುಟ್ಟು ಮುಂದೆ ಹೋಯಿತು.

ಆ ದಿನಗಳನ್ನು ಹೇಗೆ ಕಳೆದೆವೋ ಗೊತ್ತಿಲ್ಲ. ಅವಳು ಬಚ್ಚಲಿಗೆ ಹೋಗಿ ಬಂದಾಗಲೆಲ್ಲ ನಾನು ಮುಖ ನೋಡುತ್ತಿದ್ದೆ, ಅವಳು ತಲೆ ಅಡ್ಡ ಆಡಿಸುತ್ತಿದ್ದಳು. ನೇಯುತ್ತಾ ಕುಳಿತವನಿಗೆ ಗದಗಿನ ಗಾಡಿ ಕಣ್ಣ ಮುಂದೆ ಬಂದು ಲಾಳಿ ಕೈತಪ್ಪಿ ಬೀಳುತ್ತಿತ್ತು. ಕೊನೆಗೊಂದು ಬೆಳಿಗ್ಗೆ ಬಾಗಿಲ ಮರೆಯಿಂದ "ಆತ್ರಿ" ಎಂದಳು. ಮುಟ್ಟು ಬಂದಿತ್ತು, ಬಸಿರಲ್ಲ. ಅಂದೇ ಅವಳು ತನ್ನ ಹಾಸಿಗೆಯನ್ನು ನನ್ನ ತಾಯಿಯ ಪಕ್ಕಕ್ಕೆ ಒಯ್ದಳು.

"ಪರೀಕ್ಷಿ ಮಾಡಿಸ್ಕೊಂಡ ಬರ್ರಿ. ಅಲ್ಲೀತನಕ ನನ್ನ ಹತ್ರ ಬರಬ್ಯಾಡ್ರಿ" ಎಂದಳು.

ಹೇಳುವುದು ಸುಲಭ. ನಮ್ಮೂರ ಲ್ಯಾಬಿನವನು ನಮ್ಮ ಓಣಿಯವನೇ. ಬೆಳಿಗ್ಗೆ ಡಬ್ಬಿ ಕೊಟ್ಟರೆ ಸಂಜೆಯೊಳಗೆ ನನ್ನ ತಾಯಿಯ ಕಿವಿಗೆ ಬೀಳುತ್ತದೆ. ರೋಣಕ್ಕೆ ಮತ್ತೆ ಹೋಗೋಣವೆಂದರೆ, ಅಲ್ಲಿ ಡಬ್ಬಿ ಕೊಟ್ಟು ಬಚ್ಚಲು ತೋರಿಸುತ್ತಾರೆಂದು ಕೇಳಿದ್ದೆ. ಹೊರಗೆ ಬೆಂಚಿನ ಮೇಲೆ ಮಂದಿ ಕುಳಿತಿರುವಾಗ ಒಳಗೆ ನನ್ನಿಂದ ಏನಾದೀತು? ಮಾನಕ್ಕೆ ಹೆದರಿ, ಮೂರು ತಿಂಗಳು ತುಂಬಿದ ಮೇಲೆ ಮನೆಯಲ್ಲೇ ನೋಡಿಕೊಳ್ಳುವ ಪರೀಕ್ಷೆಯೊಂದನ್ನು ಮೊಬೈಲಿನಲ್ಲಿ ತರಿಸಿದೆ. ಒಂದು ಪೆಟ್ಟಿಗೆಯಲ್ಲಿ ಎರಡು ಪಟ್ಟಿ. ಎರಡು ಗೆರೆ ಮೂಡಿದರೆ ವೀರ್ಯಾಣು ಇನ್ನೂ ಇವೆ, ಒಂದೇ ಗೆರೆ ಮೂಡಿದರೆ ತೀರಾ ಕಡಿಮೆಯಾಗಿವೆ ಎಂದರ್ಥ.

ಅದನ್ನು ಇಡುವುದೆಲ್ಲಿ? ನನ್ನ ತಾಯಿಯ ಕೈಯಾಡದ ಜಾಗ ಮನೆಯಲ್ಲಿ ಒಂದೇ ಇತ್ತು, ಮಗ್ಗದ ಕುಣಿ. ಅದರ ಗೋಡೆಯಲ್ಲಿ ಲಾಳಿ ಇಡುವ ಸಣ್ಣ ಗೂಡಿದೆ, ಅಲ್ಲಿಟ್ಟೆ. ಇಡುವ ಮುಂಚೆ ತಡೆಯಲಾರದೆ ಒಂದು ಪೊಟ್ಟಣ ಹರಿದು ಪಟ್ಟಿಯನ್ನು ನೋಡಿ, ಮತ್ತೆ ಮಡಚಿ ಒಳಗೆ ತುರುಕಿದೆ. ಬೇಸಿಗೆಯಲ್ಲಿ ಒಣ ಗಾಳಿಗೆ ಎಳೆ ಪಟಪಟ ಹರಿಯುತ್ತವೆಂದು ನಾವು ಕುಣಿಗೆ ನೀರು ಚಿಮುಕಿಸಿ ಸದಾ ತಂಪಾಗಿಡುತ್ತೇವೆ. ದಿನಾ ಬೆಳಿಗ್ಗೆ ಆ ನೀರು ಹೊಡೆಯುವವನು ನಾನೇ. ನೂಲಿನ ಚಿಂತೆಯಲ್ಲಿ ಪಟ್ಟಿಯ ಚಿಂತೆ ಹೊಳೆಯಲೇ ಇಲ್ಲ.

ತಾಯಿ ಮಕ್ಕಳನ್ನು ಕರೆದುಕೊಂಡು ಸಂತೆಗೆ ಹೋದ ದಿನ ಬಚ್ಚಲಿನ ಚಿಲಕ ಹಾಕಿಕೊಂಡೆ. ಹೆದರಿದ ಗಂಡಸಿಗೆ ಆ ಕೆಲಸ ಎಷ್ಟು ಕಷ್ಟವೆಂದು ವಿವರಿಸುವುದಿಲ್ಲ. ಹೇಗೋ ಆಯಿತು. ಅರ್ಧ ಹನಿ ನೆಲಕ್ಕೆ ಬಿತ್ತು. ಹರಿದ ಪೊಟ್ಟಣದ ಪಟ್ಟಿಯ ಮೇಲೆ ಉಳಿದ ಹನಿ ಬಿಟ್ಟು ಕಾದೆ. ಗೆರೆಯಿಲ್ಲ. ಇನ್ನೂ ಕಾದೆ. ಒಂದೂ ಗೆರೆಯಿಲ್ಲ, ಅಚ್ಚ ಬಿಳುಪು.

ನಾನು ಕುಣಿದಾಡುವುದೊಂದೇ ಬಾಕಿ. ಒಂದು ಗೆರೆ ಅಂದರೆ ಕಡಿಮೆ, ಗೆರೆಯೇ ಇಲ್ಲ ಅಂದರೆ ಪೂರಾ ಖಾಲಿ! ಅಡುಗೆಮನೆಗೆ ಓಡಿ ಪಟ್ಟಿಯನ್ನು ಅವಳ ಮುಂದೆ ಹಿಡಿದೆ. ಅವಳು ಹಿಟ್ಟಿನ ಕೈ ಒರೆಸಿಕೊಂಡು, ಬೆಳಕಿಗೆ ಹಿಡಿದು ನೋಡಿದಳು.

"ಇದರಾಗ ಏನೂ ಬಂದಿಲ್ಲಲ್ರಿ."

"ಅದಕ್ಕ ಚಲೋ ಆತಲ್ಲ!"

"ಏನ್ ಚಲೋ? ನಾ ಎರಡ ಸಲ ಬಸಿರಿನ ಪಟ್ಟಿ ನೋಡೀನಿ. ಇದ್ರೂ ಇಲ್ದಿದ್ರೂ ಒಂದ್ ಗೆರಿ ಬರಾಕಬೇಕು. ಬರ್ಲಿಲ್ಲಂದ್ರ ಪಟ್ಟಿನ ಕೆಟ್ಟೈತಿ."

ಪೆಟ್ಟಿಗೆಯ ಚೀಟಿ ಬಿಚ್ಚಿ ಓದಿದೆ. ಅವಳು ಹೇಳಿದ್ದೇ ನಿಜ, ತೇವ ತಗುಲಿದರೆ ಪಟ್ಟಿ ಕೆಡುತ್ತದೆಂದೂ ಬರೆದಿತ್ತು. ಅವಳು ತಡೆಯದಿದ್ದರೆ ಆ ಬಿಳಿ ಪಟ್ಟಿಯನ್ನು ನಂಬಿ ನಾನು ಅಂದೇ ಅವಳ ಪಕ್ಕದಲ್ಲಿ ಮಲಗುತ್ತಿದ್ದೆ. ಮತ್ತೆ ಬಸಿರು, ಮತ್ತೆ ಅದೇ ಗಾಡಿ. ಒಲೆಯ ಮುಂದೆಯೇ ನಿಂತಿದ್ದೆ, ಆದರೂ ಚಳಿ.

ಇನ್ನೊಂದು ಪಟ್ಟಿಯ ಪೊಟ್ಟಣ ಒಡೆದಿರಲಿಲ್ಲ. ಅದನ್ನು ಟ್ರಂಕಿನಲ್ಲಿ ಒಣ ಬಟ್ಟೆಯ ನಡುವೆ ಇಟ್ಟು ಮುಂದಿನ ಸಂತೆಗೆ ಕಾದೆ. ಈ ಸಲ ಅವಳು ಬಚ್ಚಲ ಬಾಗಿಲಲ್ಲೇ ನಿಂತಿದ್ದಳು. ಒಂದು ಗೆರೆ ಮೂಡಿತು. ಎರಡನೆಯದಕ್ಕಾಗಿ ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದೆವು. ಚೀಟಿಯಲ್ಲಿ ಹೇಳಿದಷ್ಟು ಹೊತ್ತು ಕಳೆದರೂ ಬರಲಿಲ್ಲ.

"ನೋಡು. ಮುಗೀತು" ಎಂದೆ.

"ಒಂದೂ ಇಲ್ಲ ಅಂತ ಬರದಾರೇನು?"

"ಕಡಿಮಿ ಅಂತ ಬರದಾರ. ಭಾಳ ಕಡಿಮಿ."

"ಕಡಿಮಿ ನನಗ ಸಾಲೂದಿಲ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ಎಷ್ಟ ಹೆದರ್ತೀ? ಕೊಯ್ಸಿಕೊಂಡಾಂವ ನಾನು, ಕಳ್ಳನಂಗ ಮುಚ್ಚಿಟ್ಟಾಂವ ನಾನು. ಇನ್ನೇನ ಮಾಡ್ಲಿ?" ಎಂದು ಕೂಗಿದೆ. ಅವಳು ತಿರುಗಿ ಕೂಗಲಿಲ್ಲ.

"ಗದಗಿನ್ಯಾಗ ಒಳಗ ಒಯ್ಯುಮುಂದ ನರ್ಸು ನನ್ನ ತಾಳಿ ಬಿಚ್ಚಿ ನಿಮ್ಮ ಕೈಯಾಗ ಕೊಟ್ರಲ್ಲ, ನೆನಪೈತ್ರಿ? ನನಗ ಎಚ್ಚರಿಲ್ಲ ಅಂತ ತಿಳಕೊಂಡಿದ್ರಿ. ನನಗ ಎಲ್ಲಾ ಕೇಳಸ್ತಿತ್ತು. ಕಣ್ಣ ತಗಿಯಾಕ ಬರವಲ್ದು, ಬಾಯಿ ಬರವಲ್ದು. ತಾಳಿ ಬಿಚ್ಚಿದ್ರು ಅಂದ್ಮ್ಯಾಲ ನಾ ಸತ್ತೆ, ಸತ್ತಮ್ಯಾಲೂ ಹಿಂಗ ಕೇಳಸತೈತಿ ಅಂತ ಮಾಡಿದ್ದೆ. ದೊಡ್ಡಾಕಿ ಹೆಸರ ಹಿಡದು ಒದರಿದೆ. ಯಾರಿಗೂ ಕೇಳಲಿಲ್ಲ."

ದೊಡ್ಡಾಕಿ ಅಂದರೆ ನಮ್ಮ ಹಿರಿಯ ಮಗಳು. ಇಷ್ಟು ದಿನ ಹೆದರಿಕೆಯೆಲ್ಲ ನನ್ನೊಬ್ಬನದೇ ಎಂಬಂತೆ ನಾನು ಹೊತ್ತು ತಿರುಗಿದ್ದೆ. ಅವಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಮಗೆ ರೊಟ್ಟಿ ಬಡಿಯುತ್ತಿದ್ದಳು.

ಮರುದಿನ ಬೆಳಿಗ್ಗೆ ತಾಯಿ, "ಎಲ್ಲಿಗ್ ಹೊಂಟಿ?" ಎಂದಳು. "ರೋಣಕ್ಕ. ಆಪರೇಷನ್ ಮಾಡಿಸ್ಕೊಂಡೀನಿ, ಪರೀಕ್ಷಿ ಐತಿ" ಎಂದೆ. ಅವಳು ನನ್ನ ಸೊಂಟ ನೋಡಿದಳು, ಮಗ್ಗ ನೋಡಿದಳು, ಬಾಗಿಲಲ್ಲಿ ಕುಳಿತಳು. ಬೈದಿದ್ದರೆ ಹಗುರವಾಗುತ್ತಿತ್ತು.

ಲ್ಯಾಬಿನಲ್ಲಿ ಡಬ್ಬಿ ಕೊಟ್ಟ ಹೆಣ್ಣುಮಗಳು ಇಪ್ಪತ್ತೂ ತುಂಬದವಳಂತೆ ಕಂಡಳು. ಹೊರಗೆ ಬೆಂಚಿನ ತುಂಬ ಮಂದಿಯಿದ್ದರು. ನಾಚಿಕೆ ಎಲ್ಲಿ ಹೋಗಿತ್ತೋ, ನನಗೆ ತಾಳಿ ಬಿಚ್ಚಿದ ಸದ್ದಷ್ಟೇ ಕೇಳುತ್ತಿತ್ತು. ಮಧ್ಯಾಹ್ನ ಕರೆದರು. ಡಾಕ್ಟರು ಹೇಳಿದ್ದನ್ನು ಎರಡು ಸಲ ಕೇಳಿಸಿಕೊಂಡು, ಬಸ್ ಸ್ಟ್ಯಾಂಡಿಗೆ ಬಂದು ಫೋನು ಹಚ್ಚಿದೆ.

"ಒಂದೂ ಇಲ್ಲಂತ" ಎಂದೆ.

ಹುಬ್ಬಳ್ಳಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು. "ಕೇಳ್ಲಿಲ್ರಿ" ಎಂದಳು.

"ಒಂದೂ ಇಲ್ಲ!" ಎಂದು ಕೂಗಿದೆ. ಹಣ್ಣು ಮಾರುವವಳು ತಿರುಗಿ ನೋಡಿದಳು. ಆ ಕಡೆಯಿಂದ ಅಳು ಕೇಳಿಸಿತು. ಗದಗಿನಿಂದ ಬಂದ ಮೇಲೆ ಅವಳು ಅತ್ತದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಬಾಯಿ ಬಿಟ್ಟು, ಓಣಿಗೆಲ್ಲ ಕೇಳುವಂತೆ ಅಳುತ್ತಿದ್ದಳು. ನಾನು ಫೋನು ಕಿವಿಗೆ ಒತ್ತಿ ಹಿಡಿದು ನಿಂತೆ, ನಮ್ಮೂರ ಬಸ್ಸು ಬಂದು ಹೋದರೂ ಹತ್ತಲಿಲ್ಲ.