ಶುಕ್ರವಾರದ ಹಾಜರಿ

ಬೆಳಿಗ್ಗೆ ಆರೂಕಾಲು. ಪುಂಜಾಲಕಟ್ಟೆಯಿಂದ ಮೂರು ಕಿಲೋಮೀಟರ್ ಒಳಗೆ, ಗುಡ್ಡದ ಬದಿಯ ಮನೆಯ ಜಗಲಿಯಲ್ಲಿ ಮೋಹಿನಿ ಮೊರದಂಥ ಗೆರಸೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಾರೆ. ಪಕ್ಕದಲ್ಲಿ ಏಳನೇ ತರಗತಿಯ ಮಗಳು ದೀಕ್ಷಿತಾ, ಶಾಲೆಯಿಂದ ತಂದ ನಿನ್ನೆಯ ಪೇಪರ್ ಬಿಡಿಸಿ ಕೂತಿದ್ದಾಳೆ. ಚಪ್ಪಲಿ ಕಳಚಿ ಮೆಟ್ಟಿಲ ಮೇಲೆ ಕೂತವರು ಹರಿಣಾಕ್ಷಿ ಟೀಚರ್, ಊರಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ.

“ಮೊದ್ಲು ಸತ್ತವರದ್ದು ಓದು,” ಎನ್ನುತ್ತಾರೆ ಬಾಗಿಲಿಗೆ ಒರಗಿದ ಅಜ್ಜಿ ಸೇಸಮ್ಮ, ತುಳುವಿನಲ್ಲಿ.

“ದಿನಾ ಅದೇ ಯಾಕೆ ಅಜ್ಜಿ?”

“ನನ್ನ ಹೆಸರುಂಟಾ ನೋಡ್ಲಿಕ್ಕೆ.”

ದೀಕ್ಷಿತಾ ನಗುತ್ತಾ ಓದುತ್ತಾಳೆ. ಅಜ್ಜಿಗೆ ತುಳು ಮಾತ್ರ ಗೊತ್ತು. ಹಾಗಾಗಿ ಕನ್ನಡದಲ್ಲಿ ಓದಿದ್ದನ್ನೆಲ್ಲ ತುಳುವಿನಲ್ಲಿ ಬಿಡಿಸಿ ಹೇಳಬೇಕು. ಸುಮ್ಮನೆ ಓದಿ ದಾಟಿಸಿದರೆ ಅಜ್ಜಿ ಬಿಡುವುದಿಲ್ಲ. ಓದುವ ಆ ಅರ್ಧ ಗಂಟೆ ಮಗುವಿನ ಕೈಗೆ ಬೀಡಿ ಎಲೆಯನ್ನಾಗಲಿ ಕತ್ತರಿಯನ್ನಾಗಲಿ ಕೊಡುವ ಹಾಗಿಲ್ಲ. ಟೀಚರ ಷರತ್ತು ಅದೊಂದೇ.

ನಾಲ್ಕು ವರ್ಷದ ಹಿಂದೆ ಈ ಶಾಲೆಗೆ ಬಂದಾಗ ಅವರು ಮೊದಲು ತೆರೆದದ್ದು ಹಾಜರಿ ಪುಸ್ತಕ. ಅರವತ್ತೊಂದು ಮಕ್ಕಳಲ್ಲಿ ಹದಿನಾಲ್ಕು ಮಂದಿ ಶುಕ್ರವಾರ ಬರುತ್ತಿರಲಿಲ್ಲ. ಶನಿವಾರ, ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಡುವ ದಿನ. ಹಿಂದಿನ ದಿನ ಮನೆಯಲ್ಲಿ ಕೈ ಸಾಲುವುದಿಲ್ಲ. ಕೈ ಸಾಲದಾಗ ಹತ್ತಿರ ಇರುವ ಮಗುವನ್ನೇ ಕರೆಯುವುದು ಯಾವ ತಾಯಿಗೂ ಹೊಸದಲ್ಲ. ಟೀಚರ್ ಯಾರನ್ನೂ ಬೈಯಲಿಲ್ಲ.

“ನಮ್ಮ ಮನೆಯಲ್ಲೂ ಬೀಡಿಯೇ. ಅಕ್ಕ ಏಳರಲ್ಲಿ ಶಾಲೆ ಬಿಟ್ಟಳು. ಒಂದು ವರ್ಷಕ್ಕೆ ಮಾತ್ರ ಅಂತ ಅಪ್ಪ ಹೇಳಿದ್ದು. ಆ ವರ್ಷ ಇನ್ನೂ ಮುಗಿಯಲಿಲ್ಲ,” ಎನ್ನುತ್ತಾರೆ ನಾರಾವಿಯಲ್ಲಿ ಹುಟ್ಟಿ ಬೆಳೆದ, ಐವತ್ತೆರಡರ ಹರಿಣಾಕ್ಷಿ. ಶಾಲೆ ಬಿಡುವ ಸರದಿ ಅವರಿಗೆ ಬಂದಾಗ ತುಂಗಾ ಟೀಚರ್ ಎಂಬವರು ಮೂರು ಸಂಜೆ ಬಂದು ಅಪ್ಪನ ಎದುರು ಕೂತರಂತೆ.

ಮೊದಲ ಪ್ರಯತ್ನ ಕೆಟ್ಟಿತು. ಗೆರಸೆ ತಂದು ಶಾಲೆಯ ಜಗಲಿಯಲ್ಲೇ ಬೀಡಿ ಕಟ್ಟಿ, ಮಕ್ಕಳು ನಿಮಗೆ ಓದಿ ಹೇಳಲಿ ಎಂದು ಅವರು ತಾಯಂದಿರನ್ನು ಕರೆದರು. ಎಂಟು ಮಂದಿ ಬಂದೂ ಬಂದರು. ಎರಡನೇ ವಾರ ಇಲಾಖೆಯವರು ಬಂದು ನೋಡಿದರೆ ಜಗಲಿ ತುಂಬಾ ಹೊಗೆಸೊಪ್ಪು.

“ತಪ್ಪು ನನ್ನದೇ. ತಂಬಾಕು ನಿಷೇಧದ ಬೋರ್ಡು ಗೇಟಿನಲ್ಲಿ ಬರೆಸಿದ್ದೂ ನಾನೇ. ಅದರ ಕೆಳಗೇ ಅವರನ್ನು ಕೂರಿಸಿದ್ದೆ,” ಎಂದು ಈಗ ನಗುತ್ತಾರೆ.

ತಾಯಂದಿರು ಶಾಲೆಗೆ ಬರುವ ಹಾಗಿಲ್ಲವಲ್ಲ, ಹಾಗಾಗಿ ಟೀಚರೇ ಮನೆಗೆ ಹೊರಟರು. ಸ್ಕೂಟರನ್ನು ರಸ್ತೆಯಲ್ಲಿಟ್ಟು, ಹೆಗಲಲ್ಲಿ ಪೇಪರಿನ ಚೀಲ. ದಿನಕ್ಕೆ ಮೂರು ಮನೆಯಂತೆ ವಾರಕ್ಕೆ ಹದಿನಾಲ್ಕೂ ಮುಗಿಯುತ್ತವೆ. ಎಂಟೂವರೆಗೆ ಶಾಲೆಯ ಬೀಗ ತೆಗೆಯುವವರೂ ಅವರೇ. ಟೀಚರ್ ಬಾರದ ದಿನವೂ ಓದು ನಿಲ್ಲುವುದಿಲ್ಲ. ಮನೆಯಲ್ಲಿ ಕಾಯುವವರು ಇರುತ್ತಾರಲ್ಲ. ಓದಿ ಹೇಳುವ ಮಗುವನ್ನು ಶಾಲೆ ತಪ್ಪಿಸಲು ಮನೆಯವರಿಗೂ ಮನಸ್ಸು ಬರುವುದಿಲ್ಲ. ಈ ವರ್ಷ ಶುಕ್ರವಾರ ತಪ್ಪಿಸುವವರು ಇಬ್ಬರು ಮಾತ್ರ.

ಆದರೆ ಈ ಶಾಲೆ ಏಳಕ್ಕೆ ಮುಗಿಯುತ್ತದೆ. ಜೂನ್‌ನಲ್ಲಿ ದೀಕ್ಷಿತಾ ಎಂಟಕ್ಕೆ ಪುಂಜಾಲಕಟ್ಟೆಯ ಹೈಸ್ಕೂಲಿಗೆ ಹೋಗಬೇಕು. ಕಳುಹಿಸುವುದೋ ಬೇಡವೋ ಎಂದು ಮನೆಯಲ್ಲಿ ಇನ್ನೂ ನಿರ್ಧಾರವಾಗಿಲ್ಲ.

“ನನ್ನ ಭುಜ ಎತ್ತಲಿಕ್ಕೆ ಆಗುವುದಿಲ್ಲ ಟೀಚರ್. ಒಂದು ವರ್ಷ ಮನೆಯಲ್ಲಿರಲಿ, ಮತ್ತೆ ನೋಡುವ,” ಎನ್ನುತ್ತಾರೆ ಮೋಹಿನಿ, ತಲೆ ಎತ್ತದೆ.

ದೀಕ್ಷಿತಾ ಪೇಪರಿನಿಂದ ತಲೆ ಎತ್ತಿದ್ದಾಳೆ. ತನ್ನ ಅಕ್ಕನ ಕಥೆಯನ್ನು ಟೀಚರ್ ಇಲ್ಲಿ ಹೇಳುವುದಿಲ್ಲ. ಮೋಹಿನಿಯ ಭುಜವನ್ನೇ ನೋಡುತ್ತಿದ್ದಾರೆ.

“ಆ ಕತ್ತರಿ ಇಲ್ಲಿ ಕೊಡು,” ಎನ್ನುತ್ತಾರೆ ಸೇಸಮ್ಮ. “ಎಲೆ ನಾನು ಕತ್ತರಿಸ್ತೇನೆ. ಏಳು ಕಲಿತದ್ದಕ್ಕೆ ಇವಳು ಸತ್ತವರ ಹೆಸರು ಹೇಳ್ತಾಳೆ. ಇನ್ನೂ ಕಲಿತರೆ ಬದುಕಿದವರ ಸುದ್ದಿಯೂ ಸಿಕ್ಕೀತು.”

ಮೋಹಿನಿಗೆ ನಗು ತಡೆಯಲಾಗುವುದಿಲ್ಲ. ಕಟ್ಟಿದ ಬೀಡಿಯನ್ನು ಗೆರಸೆಯಲ್ಲಿಟ್ಟು ಕೇಳುತ್ತಾರೆ: “ಟಿಸಿಗೆ ಯಾವಾಗ ಬರಬೇಕು ಟೀಚರ್?”

“ನೀವು ಬರುವುದು ಬೇಡ. ಬರೆದು ನಾನೇ ತರ್ತೇನೆ.”

ಗುಡ್ಡ ಇಳಿಯುವಾಗ, ನಿಮಗೆ ಇನ್ನೇನು ಆಗಬೇಕು ಎಂದು ಕೇಳಿದರೆ ಟೀಚರ್ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತಾರೆ.

“ಜುಲೈಯಲ್ಲಿ ಒಮ್ಮೆ ಹೈಸ್ಕೂಲಿಗೆ ಹೋಗಿ ಅವಳು ಬಂದಿದ್ದಾಳಾ ನೋಡ್ಬೇಕು,” ಎನ್ನುತ್ತಾರೆ. “ಶುಕ್ರವಾರವೇ ಹೋಗ್ತೇನೆ.”